ಕಡಲು ಬರಿದಾಗುವ ಇಸವಿ

2048ನೆಯ ಇಸವಿಯ ಹೊತ್ತಿಗೆ ಸಮುದ್ರದಲ್ಲಿ ಮೀನು ಎಂಬುದೇ ಇರುವುದಿಲ್ಲ ಎಂಬ ಮಾತನ್ನು ನಮ್ಮ ಸಂಘದ ಓದುಗರಲ್ಲಿ ಹಲವರಾದರೂ ಕೇಳಿರಬೇಕು. ಕೇಳದವರಿಗೆ ಅವರ ಮನೆಯ ಮಕ್ಕಳು ಹೇಳಿರುತ್ತಾರೆ. 2021ರ ಮಾರ್ಚಿನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಸೀಸ್ಪಿರಸಿ’ ಎಂಬ ಸಾಕ್ಷ್ಯಚಿತ್ರ ಈ ಇಸವಿಯನ್ನು ಮನೆಮನೆಗೆ ಮುಟ್ಟಿಸಿತು. ನಮ್ಮ ಮನೆಗೂ ಮುಟ್ಟಿತು. ಮಗಳು ಚಿತ್ರ ನೋಡಿ ಮುಗಿಸಿದ ರಾತ್ರಿ ಬಂಗುಡೆ ಸಾರಿನ ಬಟ್ಟಲನ್ನು ದೂರ ಸರಿಸಿದಳು. ನಾನು ಗದರಿಸಲಿಲ್ಲ. ಬಿ.ಎಸ್ಸಿ. ಓದಿ ಗುಮಾಸ್ತನಾದವನಿಗೆ ವಿಜ್ಞಾನದ ಹೆಸರಿನಲ್ಲಿ ಬಂದ ಮಾತಿನ ಮೇಲೆ ಭಕ್ತಿ ಸ್ವಲ್ಪ ಜಾಸ್ತಿ. ಅಷ್ಟಕ್ಕೇ ನಿಲ್ಲದೆ, ಆ ವರ್ಷ ಊರಿಗೆ ಹೋದಾಗ, ಮಲ್ಪೆಯ ಒಂದು ಬೋಟಿನಲ್ಲಿ ಪಾಲು ಇರುವ ನನ್ನ ಭಾವನವರಿಗೆ, ಪಾಲು ಮಾರಿ ಬೇರೇನಾದರೂ ನೋಡಿಕೊಳ್ಳುವುದು ಒಳ್ಳೆಯದೆಂದು ಬುದ್ಧಿವಾದವನ್ನೂ ಹೇಳಿಬಿಟ್ಟೆ. “ಈ ಲೆಕ್ಕ ಮಾಡಿದ್ದು ಯಾರು ಮಾರಾಯಾ? ನಮ್ಮ ಬಂದರಿಗೆ ಬಂದು ನೋಡಿದ್ದಾರಾ?” ಎಂದು ಅವರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಇನ್ನೊಬ್ಬರ ಅನ್ನದ ವಿಷಯದಲ್ಲಿ ಮಾತನಾಡುವ ಮೊದಲು ಮೂಲವನ್ನು ನೋಡಬೇಕಾಗಿತ್ತು, ನೋಡಿರಲಿಲ್ಲ. ಆಮೇಲೆ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೂಲ ಲೇಖನ ಬೋರಿಸ್ ವರ್ಮ್ ಮತ್ತು ಅವರ ಹದಿಮೂರು ಸಂಗಡಿಗರದು. 2006ರ ನವೆಂಬರ್ 3ರ ‘ಸೈನ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. ಸಮುದ್ರದಲ್ಲಿ ಜೀವವೈವಿಧ್ಯ ಕಡಿಮೆಯಾದರೆ ಮನುಷ್ಯನಿಗೆ ಏನು ನಷ್ಟ ಎಂಬುದು ಅದರ ನಿಜವಾದ ವಿಷಯ. ಸಣ್ಣ ಪ್ರಯೋಗಗಳು, ಹನ್ನೆರಡು ಕರಾವಳಿಗಳ ಹಳೆಯ ಇತಿಹಾಸ, ಅರವತ್ತನಾಲ್ಕು ದೊಡ್ಡ ಸಮುದ್ರ ವಲಯಗಳಲ್ಲಿ 1950ರಿಂದ 2003ರವರೆಗೆ ಹಿಡಿದ ಮೀನಿನ ಲೆಕ್ಕ, ಮೀನುಗಾರಿಕೆ ನಿಷೇಧಿಸಿದ ಕೆಲವು ಪ್ರದೇಶಗಳ ಅನುಭವ, ಇಷ್ಟನ್ನೂ ಒಂದೇ ಕಡೆ ತಂದು ತೂಗಿ ನೋಡಿದ ಬರಹ ಅದು. ಎಂದರೆ ಅದು ಸ್ವತಃ ಪುರಾವೆಗಳ ಪರಿಶೀಲನೆ. 2048 ಎಂಬುದು ಅದರಲ್ಲಿ ಒಂದೇ ಒಂದು ವಾಕ್ಯ. ಪತ್ರಿಕೆಗಳು ಆ ವಾಕ್ಯವನ್ನು ಮಾತ್ರ ಎತ್ತಿಕೊಂಡವು. ಉಳಿದದ್ದನ್ನು ಓದಿದವರು ಕಡಿಮೆ.

ಆ ವಾಕ್ಯ ಹುಟ್ಟಿದ್ದು ಹೀಗೆ. ಒಂದು ಜಾತಿಯ ಮೀನು ಒಂದು ವಲಯದಲ್ಲಿ ಅತಿ ಹೆಚ್ಚು ಸಿಕ್ಕ ವರ್ಷದ ತೂಕವನ್ನು ನೂರು ಎಂದು ಇಟ್ಟುಕೊಳ್ಳುವುದು. ಯಾವುದೇ ವರ್ಷ ಅದು ಹತ್ತಕ್ಕಿಂತ ಕೆಳಗೆ ಬಂದರೆ ಆ ಮೀನುಗಾರಿಕೆ ‘ಕುಸಿದಿದೆ’ ಎಂದು ಬರೆದುಕೊಳ್ಳುವುದು. ಈ ಲೆಕ್ಕದಲ್ಲಿ 2003ರಲ್ಲಿ ಶೇಕಡಾ 29ರಷ್ಟು ಕುಸಿದಿದ್ದವು. ಕುಸಿತದ ಏರಿಕೆ ತೋರಿಸುವ ಗೆರೆಯನ್ನು ಕಾಗದದ ಮೇಲೆ ಮುಂದಕ್ಕೆ ಎಳೆದುಕೊಂಡು ಹೋದರೆ ಅದು 2048ರಲ್ಲಿ ನೂರನ್ನು ಮುಟ್ಟುತ್ತದೆ. ನಮ್ಮ ಕಚೇರಿಯಲ್ಲಿ ಕಳೆದ ಐದು ವರ್ಷಗಳಲ್ಲಿ ನಿವೃತ್ತರಾದವರ ಲೆಕ್ಕ ತೆಗೆದು ಇದೇ ರೀತಿ ಗೆರೆ ಎಳೆದರೆ ಕಚೇರಿ ಖಾಲಿಯಾಗುವ ಇಸವಿಯೂ ಸಿಗುತ್ತದೆ. (ಹುದ್ದೆ ತುಂಬುತ್ತಿರುವ ವೇಗ ನೋಡಿದರೆ ಅದು ನಿಜವಾದರೂ ಆಗಬಹುದು, ಆ ಮಾತು ಬೇರೆ.)

ಇಲ್ಲಿ ಮೊದಲ ತೊಡಕು, ಹಿಡಿದ ಮೀನಿನ ತೂಕವೇ ಸಮುದ್ರದಲ್ಲಿರುವ ಮೀನಿನ ತೂಕವಲ್ಲ ಎಂಬುದು. ಮೀನು ಕಡಿಮೆ ಸಿಕ್ಕಿದ್ದು ಮೀನು ಇಲ್ಲದ್ದರಿಂದ ಇರಬಹುದು. ಹಿಡಿಯಬಾರದೆಂದು ಸರ್ಕಾರ ತಡೆದದ್ದರಿಂದಲೂ ಇರಬಹುದು. ಡೀಸೆಲ್ ದರ ಏರಿ ಬೋಟು ದಡದಲ್ಲೇ ನಿಂತದ್ದರಿಂದಲೂ ಇರಬಹುದು. ಅಮೆರಿಕದ ಜಾರ್ಜಸ್ ಬ್ಯಾಂಕ್ ಪ್ರದೇಶದ ಹ್ಯಾಡಕ್ ಮೀನನ್ನು ಅಲ್ಲಿನ ವಿಜ್ಞಾನಿಗಳು ಕೂಡಲೇ ಉದಾಹರಣೆಯಾಗಿ ಮುಂದಿಟ್ಟರು. ಕಟ್ಟುನಿಟ್ಟಿನ ನಿರ್ಬಂಧದಿಂದ ಹಿಡಿಯುವುದು ಇಳಿದಿತ್ತು, ಆದ್ದರಿಂದಲೇ ನೀರಿನಲ್ಲಿ ಮೀನು ಹೆಚ್ಚುತ್ತಿತ್ತು. ತೂಕದ ಲೆಕ್ಕಕ್ಕೆ ಮಾತ್ರ ಅದು ‘ಕುಸಿದ’ ಮೀನು. ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದದ್ದು. ಶಿಖರ ದಾಟಿದ ಮೇಲಷ್ಟೇ ಕುಸಿತ ಕಾಣಬೇಕಾದ್ದರಿಂದ, ಲೆಕ್ಕ ಶುರುವಾದ ಮೊದಲ ವರ್ಷಗಳಲ್ಲಿ ಕುಸಿದ ಮೀನು ಕಾಣುವುದು ವಿರಳ, ಕೊನೆಯ ವರ್ಷಗಳಲ್ಲಿ ಕಾಣುವುದು ಸುಲಭ. ಏರಿಳಿತ ಬರೀ ಆಕಸ್ಮಿಕವಾಗಿದ್ದರೂ ಕುಸಿತದ ಗೆರೆ ಮೇಲಕ್ಕೇ ಹೋಗುತ್ತದೆ. 2007ರಲ್ಲಿ ಅದೇ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಎತ್ತಿ ತೋರಿಸಿದವರಿದ್ದರು.

ನಮ್ಮ ಬೂತಾಯಿಯನ್ನೇ ತೆಗೆದುಕೊಳ್ಳಿ. ಉತ್ತರ ಕನ್ನಡದವರ ತಾರ್ಲೆ, ಮಲಯಾಳಿಗಳ ಮತ್ತಿ. ಕೇರಳದಲ್ಲಿ 2012ರಲ್ಲಿ ಇದು ನಾಲ್ಕು ಲಕ್ಷ ಟನ್ನಿನ ಹತ್ತಿರ ಬಂದಿತ್ತು. 2021ರಲ್ಲಿ ಬಂದದ್ದು 3,297 ಟನ್. ಶಿಖರದ ನೂರರಲ್ಲಿ ಒಂದು ಪಾಲೂ ಅಲ್ಲ. ಆ ವರ್ಷ ಕುಳಿತು ಗೆರೆ ಎಳೆದವನು ಬೂತಾಯಿಯ ತಿಥಿಯನ್ನೇ ಮಾಡಬಹುದಾಗಿತ್ತು. ಮುಂದಿನ ವರ್ಷಗಳಲ್ಲಿ ಅದು ಮತ್ತೆ ಲಕ್ಷ ಟನ್ನನ್ನು ದಾಟಿತು. ಬೂತಾಯಿಯ ಸ್ವಭಾವವೇ ಹಾಗೆ. 1940ರ ದಶಕದಲ್ಲಿಯೂ ಅದು ಹೀಗೇ ಮಾಯವಾಗಿ ಮದರಾಸು ಸರ್ಕಾರವನ್ನು ಕಂಗೆಡಿಸಿತ್ತು. ಆಗ ನಮ್ಮ ದಕ್ಷಿಣ ಕನ್ನಡವೂ ಆ ಸರ್ಕಾರದ ಕೆಳಗೇ ಇತ್ತು. ಮರಿ ಮೀನು ಹಿಡಿಯುವುದು ತಪ್ಪಲ್ಲ ಎಂದು ಇದರಿಂದ ಯಾರೂ ತಿಳಿಯಬಾರದು. ಮಳೆ, ನೀರಿನ ಬಿಸಿ, ಎಲ್ ನಿನೊ, ಬಲೆಯ ಕಣ್ಣಿನ ಅಳತೆ ಎಲ್ಲವೂ ಸೇರಿ ಆಗುವ ಏರಿಳಿತವನ್ನು ಒಂದು ಸರಳರೇಖೆಗೆ ಒಪ್ಪಿಸಲಾಗದು ಎಂಬಷ್ಟೇ ನನ್ನ ವಾದ.

ಭಾವನವರ ಪ್ರಶ್ನೆಗೆ ಉತ್ತರ ಇಲ್ಲಿ ಅರ್ಧ ಸಿಗುತ್ತದೆ. ಅವರ ಬಂದರಿಗೆ ಬಂದು ನೋಡಿದವರಿದ್ದಾರೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಎಣಿಕೆದಾರರು ಮೀನು ಇಳಿಸುವ ದಕ್ಕೆಗಳಿಗೆ ಹೋಗಿ, ಆಯ್ದ ದಿನಗಳಲ್ಲಿ ಆಯ್ದ ಬೋಟುಗಳ ಮೀನನ್ನು ಬರೆದುಕೊಂಡು, ಅದರಿಂದ ಇಡೀ ತೀರದ ಅಂದಾಜು ಕಟ್ಟುವ ಪದ್ಧತಿ ದಶಕಗಳಿಂದ ನಡೆದುಬಂದಿದೆ. ಇಂಥ ವ್ಯವಸ್ಥೆ ಉಷ್ಣವಲಯದ ದೇಶಗಳಲ್ಲಿ ವಿರಳ. ಇಂಥ ಸಂಸ್ಥೆಯ ಮತ್ತು ರಾಜ್ಯಗಳ ಲೆಕ್ಕಗಳೆಲ್ಲ ಸೇರಿ ದೇಶದ ಮೊತ್ತವಾಗಿ ರೋಮಿನ ಎಫ್.ಎ.ಓ. ಕಚೇರಿಗೆ ಹೋಗುತ್ತವೆ, ಅಲ್ಲಿಂದ ವರ್ಮ್ ಅವರಂಥವರ ಗಣಕಯಂತ್ರಕ್ಕೆ. ಭಾವನವರ ಬೋಟಿನ ಬುಟ್ಟಿಯೂ ಆ ಗೆರೆಯಲ್ಲಿ ಎಲ್ಲೋ ಒಂದು ಕಣವಾಗಿ ಇದ್ದೀತು. ಆದರೆ ಅಲ್ಲಿಗೆ ತಲುಪುವುದು ತೂಕ ಮಾತ್ರ. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದು, ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆಗೆ ಸೇರಿದ ಕಥೆ ಆ ತೂಕದಲ್ಲಿ ಇಲ್ಲ. ಹೊಸ ಬಲೆಯಿಂದ ಮೀನು ಹೆಚ್ಚು ಬಂದರೆ ಅದು ಬಲೆಯ ಶಕ್ತಿಯೋ ಕಡಲಿನ ಸಮೃದ್ಧಿಯೋ ಎಂದು ತೂಕ ಹೇಳುವುದಿಲ್ಲ.

ವರ್ಮ್ ಅವರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಅವರನ್ನು ಅತ್ಯಂತ ಕಟುವಾಗಿ ಟೀಕಿಸಿದವರು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೇ ಹಿಲ್‌ಬಾರ್ನ್. ಇಬ್ಬರೂ ರೇಡಿಯೋದಲ್ಲಿ ವಾದಿಸಿದರು. ಆಮೇಲೆ ಜಗಳ ಮುಂದುವರಿಸುವ ಬದಲು ಒಂದೇ ಮೇಜಿನ ಮುಂದೆ ಕುಳಿತರು. ಇಬ್ಬರ ಕಡೆಯವರೂ ಸೇರಿ, ಬರೀ ಹಿಡಿದ ತೂಕವನ್ನಲ್ಲದೆ ನೀರಿನಲ್ಲಿರುವ ಮೀನಿನ ಅಂದಾಜುಗಳನ್ನೂ ಕೂಡಿಹಾಕಿ, 2009ರ ಜುಲೈನಲ್ಲಿ ಇಪ್ಪತ್ತೊಂದು ಮಂದಿಯ ಹೆಸರಿನಲ್ಲಿ ಹೊಸ ಲೇಖನ ಬರೆದರು. ಚೆನ್ನಾಗಿ ಅಧ್ಯಯನವಾದ ಹತ್ತು ಸಮುದ್ರ ವ್ಯವಸ್ಥೆಗಳಲ್ಲಿ ಐದರಲ್ಲಿ ಮೀನು ಹಿಡಿಯುವ ಒತ್ತಡ ಇಳಿಯುತ್ತಿದೆ ಎಂದು ಅದು ಹೇಳಿತು. ಅದರ ಜೊತೆಗೇ, ಲೆಕ್ಕಕ್ಕೆ ಸಿಕ್ಕ ಮೀನು ಸಂಪತ್ತಿನಲ್ಲಿ ಶೇಕಡಾ 63 ಇನ್ನೂ ಚೇತರಿಸಬೇಕಾಗಿದೆ ಎಂದೂ ಹೇಳಿತು. 2048 ಅದರಲ್ಲಿ ಇಲ್ಲ. ಇಷ್ಟಾಗಿ ಹನ್ನೆರಡು ವರ್ಷದ ಮೇಲೆ ಬಂದ ಚಿತ್ರ ಹಳೆಯ ಇಸವಿಯನ್ನೇ ಎತ್ತಿ ಹಿಡಿಯಿತು. ಕಡತದಲ್ಲಿ ಹೊಸ ಪತ್ರ ಮೇಲೆಯೇ ಇದ್ದರೂ ಹಳೆಯ ಪತ್ರಕ್ಕೆ ಉತ್ತರ ಬರೆದಂತಾಯಿತು. ಅದು ಹಳೆಯ ಲೇಖನವೆಂದು ವರ್ಮ್ ಅವರೇ ಆಗ ಹೇಳಬೇಕಾಗಿ ಬಂತು.

ಹಿಲ್‌ಬಾರ್ನ್ ಪಕ್ಷವೇ ಸತ್ಯದ ಪಕ್ಷ ಎಂದೂ ಮುಗಿಸುವಂತಿಲ್ಲ. ಅವರ ಸಂಶೋಧನೆಗೆ ಮೀನು ಉದ್ಯಮದ ಹಣವೂ ಬಂದಿತ್ತು, ಅದನ್ನು ಎಲ್ಲ ಕಡೆ ಹೇಳಿಲ್ಲ ಎಂದು 2016ರಲ್ಲಿ ಗ್ರೀನ್‌ಪೀಸ್ ಸಂಸ್ಥೆ ಆಕ್ಷೇಪಿಸಿತು. ನಿಯಮ ಮುರಿದಿಲ್ಲವೆಂದು ವಿಶ್ವವಿದ್ಯಾಲಯ ತೀರ್ಮಾನಿಸಿತು. ಅದು ಸರಿಯೇ ಇರಬಹುದು. ಆದರೂ ಪರಿಶೀಲಕನ ಹಣ ಎಲ್ಲಿಂದ ಬಂತು ಎಂಬುದನ್ನು ಓದುಗ ಹುಡುಕಿಕೊಂಡು ಹೋಗುವಂತೆ ಆಗಬಾರದು; ಮೊದಲ ಪುಟದಲ್ಲೇ ಇರಬೇಕು. ಪರಿಸರ ಸಂಸ್ಥೆಗಳ ಹಣದಿಂದ ಬರೆದವರಿಗೂ ಇದೇ ಮಾತು.

ಚಿತ್ರ ತೆಗೆದವರನ್ನು ಬಿಡೋಣ, ಅವರ ಕಸುಬು ಬೇರೆ. ನನ್ನ ದೂರು ಸರ್ಕಾರಗಳ ಮೇಜಿನ ಮೇಲೆ ಬಂದು ಕೂರುವ ‘ಲಭ್ಯ ಪುರಾವೆಗಳ ಪರಿಶೀಲನೆ’ ಎಂಬ ವರದಿಗಳ ಬಗ್ಗೆ. ಇವು ಹೇಗೆ ಹುಟ್ಟುತ್ತವೆ ಎಂಬುದು ಟಿಪ್ಪಣಿ ಬರೆಯುವ ನನ್ನಂಥವನಿಗೆ ಸ್ವಲ್ಪ ಗೊತ್ತು. ಒಂದು ವಿಷಯದ ಮೇಲೆ ಹಿಂದಿನ ನಲವತ್ತು ಪತ್ರಗಳಿರುತ್ತವೆ. ಮೇಲಧಿಕಾರಿ ನಲವತ್ತನ್ನೂ ಓದುವುದಿಲ್ಲ. ನಾನು ಫ್ಲ್ಯಾಗ್ ಹಚ್ಚಿದ ನಾಲ್ಕನ್ನು ನೋಡುತ್ತಾರೆ. ಯಾವ ನಾಲ್ಕು ಎಂದು ನಾನು ಆರಿಸಿದ ಕ್ಷಣದಲ್ಲೇ ತೀರ್ಮಾನ ಮುಕ್ಕಾಲು ಆಗಿಹೋಗಿರುತ್ತದೆ. ಸುಳ್ಳು ಒಂದಕ್ಷರವೂ ಬರೆದಿರುವುದಿಲ್ಲ. ಇದನ್ನು ನಾನು ತಪ್ಪೊಪ್ಪಿಗೆಯೆಂದೇ ಹೇಳುತ್ತಿದ್ದೇನೆ. ದೊಡ್ಡ ವಿಜ್ಞಾನಿಗಳು ಬರೆಯುವ ಪರಿಶೀಲನೆಗಳೂ ಬಹುಕಾಲ ಇದೇ ರೀತಿ ನಡೆದವು: ತನಗೆ ಗೊತ್ತಿದ್ದ, ತನಗೆ ಹಿಡಿಸಿದ, ಕೈಗೆ ಸಿಕ್ಕ ಲೇಖನಗಳು.

ವೈದ್ಯರು ಈ ರೋಗವನ್ನು ನಮಗಿಂತ ಮೊದಲು ಕಂಡುಕೊಂಡರು. ಅವಧಿಗೆ ಮೊದಲು ಹೆರಿಗೆಯಾಗುವ ಸೂಚನೆ ಇದ್ದ ತಾಯಂದಿರಿಗೆ ಒಂದು ಅಗ್ಗದ ಸ್ಟೆರಾಯ್ಡ್ ಚುಚ್ಚುಮದ್ದು ಕೊಟ್ಟರೆ ಕೂಸುಗಳು ಬದುಕುತ್ತವೆ ಎಂಬ ಪ್ರಯೋಗದ ಫಲ 1972ರಲ್ಲೇ ಅಚ್ಚಾಗಿತ್ತು. ಮುಂದಿನ ಪ್ರಯೋಗಗಳನ್ನು ಯಾರೂ ಕ್ರಮವಾಗಿ ಕೂಡಿಸಿ ನೋಡದೆ ಇದ್ದದ್ದರಿಂದ ಎಷ್ಟೋ ವರ್ಷ ಅದು ಬಳಕೆಗೇ ಬರಲಿಲ್ಲ. 1993ರಲ್ಲಿ ಆಕ್ಸ್‌ಫರ್ಡಿನಲ್ಲಿ ಶುರುವಾದ ಕಾಕ್ರೇನ್ ಸಹಯೋಗ ತನ್ನ ಲಾಂಛನದಲ್ಲಿ ಇಟ್ಟುಕೊಂಡಿರುವುದು ಈ ಪ್ರಯೋಗಗಳ ನಕ್ಷೆಯನ್ನೇ. ಅದರ ಮಾದರಿಯಲ್ಲಿ ಪರಿಸರ ವಿಷಯಗಳಿಗೂ ಒಂದು ಅಂತರರಾಷ್ಟ್ರೀಯ ಕೂಟ ನಿಯಮಗಳನ್ನು ಮಾಡಿದೆ. ನಿಯಮಗಳು ಗುಮಾಸ್ತನಿಗೆ ಅರ್ಥವಾಗುವಂಥವೇ. ಪ್ರಶ್ನೆಯನ್ನೂ ವಿಧಾನವನ್ನೂ ಮೊದಲೇ ಬರೆದು ಪ್ರಕಟಿಸಬೇಕು, ಉತ್ತರ ನೋಡಿಕೊಂಡು ಪ್ರಶ್ನೆ ತಿದ್ದಬಾರದು. ಎಲ್ಲೆಲ್ಲಿ, ಯಾವ ಪದ ಹಾಕಿ ಹುಡುಕಿದೆ ಎಂದು ದಾಖಲಿಸಬೇಕು. ಇಬ್ಬರು ಬೇರೆಬೇರೆ ಕುಳಿತು ಆರಿಸಿ, ಕೈಬಿಟ್ಟ ಪ್ರತಿಯೊಂದಕ್ಕೂ ಕಾರಣ ಬರೆಯಬೇಕು. ಪ್ರತಿ ಅಧ್ಯಯನದ ಗಟ್ಟಿತನವನ್ನು ತೂಗಬೇಕು.

ಇದರ ಅಗತ್ಯ ಎಷ್ಟು ಎಂಬುದಕ್ಕೆ ಆಮ್ಲತೆಯ ಪ್ರಕರಣ ನೋಡಬಹುದು. ಇಂಗಾಲದ ಡೈಆಕ್ಸೈಡ್ ಕರಗಿ ಸಮುದ್ರದ ಮೇಲ್ಪದರದ ಪಿಎಚ್ ಕೈಗಾರಿಕಾ ಯುಗದ ಮುಂಚಿಗಿಂತ ಸುಮಾರು 0.1 ಇಳಿದಿದೆ, ಇದರಲ್ಲಿ ವಿವಾದವಿಲ್ಲ. ಚಿಪ್ಪು ಕಟ್ಟಿಕೊಳ್ಳುವ ಜೀವಿಗಳಿಗೆ ಇದು ಕೇಡು ಎಂಬುದರಲ್ಲೂ ಹೆಚ್ಚು ವಿವಾದವಿಲ್ಲ. ಆದರೆ 2009ರ ಸುಮಾರಿಗೆ ಆಸ್ಟ್ರೇಲಿಯದಿಂದ ಬಂದ ಅಧ್ಯಯನಗಳು ಇನ್ನೂ ಮುಂದೆ ಹೋಗಿ, ಇಂಥ ನೀರಿನಲ್ಲಿ ಹವಳದ ಮೀನಿನ ಮರಿಗಳಿಗೆ ಬುದ್ಧಿಯೇ ಕೆಡುತ್ತದೆ, ತಮ್ಮನ್ನು ತಿನ್ನುವ ಮೀನಿನ ವಾಸನೆಯ ಕಡೆಗೇ ಹೋಗುತ್ತವೆ ಎಂದವು. ದೊಡ್ಡ ಪತ್ರಿಕೆಗಳಲ್ಲಿ ಅಚ್ಚಾದವು, ಪರಿಶೀಲನೆಗಳಲ್ಲಿ ಸೇರಿದವು. 2020ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇನ್ನೊಂದು ತಂಡ, ಮೂರು ವರ್ಷ, ಆರು ಜಾತಿಯ ಒಂಬೈನೂರಕ್ಕೂ ಹೆಚ್ಚು ಮೀನುಗಳ ಮೇಲೆ ಅದೇ ಪ್ರಯೋಗ ಮಾಡಿ, ಅಂಥ ಪರಿಣಾಮ ಕಾಣಲಿಲ್ಲ ಎಂದಿತು. 2022ರಲ್ಲಿ 91 ಅಧ್ಯಯನಗಳನ್ನು ಸಾಲಾಗಿ ಇಟ್ಟು ನೋಡಿದಾಗ, ಮೊದಲ ವರ್ಷಗಳಲ್ಲಿ ಬೆಟ್ಟದಷ್ಟಿದ್ದ ಪರಿಣಾಮ ಹತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ ಸೊನ್ನೆಗೆ ಇಳಿದಿತ್ತು. ಭಾರೀ ಫಲ ತೋರಿಸಿದ್ದವು ಹೆಚ್ಚಾಗಿ ಕಡಿಮೆ ಮೀನುಗಳನ್ನು ಇಟ್ಟುಕೊಂಡು ಮಾಡಿದ ಪ್ರಯೋಗಗಳು. ಅಚ್ಚರಿಯ ಫಲ ಬೇಗ ಅಚ್ಚಾಗುತ್ತದೆ. ‘ಏನೂ ಆಗಲಿಲ್ಲ’ ಎಂಬ ಫಲ ಮೇಜಿನ ಖಾನೆಯಲ್ಲಿ ಉಳಿಯುತ್ತದೆ. ಅಚ್ಚಾದದ್ದನ್ನು ಮಾತ್ರ ಎಣಿಸುವ ಪರಿಶೀಲನೆ ಈ ಪಕ್ಷಪಾತವನ್ನು ದುಪ್ಪಟ್ಟು ಮಾಡಿ ಸರ್ಕಾರಕ್ಕೆ ಒಪ್ಪಿಸುತ್ತದೆ. ಸ್ವೀಡನ್ನಿನಿಂದ 2016ರಲ್ಲಿ ‘ಸೈನ್ಸ್’ ಪತ್ರಿಕೆಗೆ ಬಂದ, ಮೀನುಮರಿಗಳು ಆಹಾರ ಬಿಟ್ಟು ಪ್ಲಾಸ್ಟಿಕ್ ಕಣ ತಿನ್ನುತ್ತವೆ ಎಂಬ ಲೇಖನದ ಗತಿ ಇನ್ನೂ ಕೆಟ್ಟದಾಯಿತು. ಮೂಲ ಅಂಕಿಗಳನ್ನು ಕೇಳಿದರೆ, ಲ್ಯಾಪ್‌ಟಾಪ್ ಕಳವಾಯಿತು ಎಂಬ ಉತ್ತರ. 2017ರಲ್ಲಿ ಲೇಖನ ಹಿಂತೆಗೆಯಲಾಯಿತು. ಕಡತ ಕಾಣೆಯಾಗುವುದು ನಮ್ಮ ದೇಶದ ಸರ್ಕಾರಿ ಕಚೇರಿಗಳಲ್ಲಿ ಮಾತ್ರ ಎಂದುಕೊಂಡಿದ್ದೆ.

ಹಾಗೆಂದು ನಿಯಮಬದ್ಧ ಪರಿಶೀಲನೆಯೊಂದೇ ಸರ್ವರೋಗಕ್ಕೆ ಮದ್ದು ಎನ್ನಲಾರೆ. ಅದು ಓದುವುದು ಬರೆದದ್ದನ್ನು, ಅದರಲ್ಲೂ ಇಂಗ್ಲಿಷಿನಲ್ಲಿ ಬರೆದದ್ದನ್ನು. ಕೆನಡಾದ ನ್ಯೂಫೌಂಡ್‌ಲೆಂಡಿನಲ್ಲಿ 1980ರ ದಶಕದಲ್ಲಿ ಸಣ್ಣ ದೋಣಿಯವರು ಕಾಡ್ ಮೀನು ಕಡಿಮೆಯಾಗುತ್ತಿದೆ, ಗಾತ್ರ ಸಣ್ಣದಾಗುತ್ತಿದೆ ಎಂದು ಕೂಗಿಕೊಂಡರು. ದೊಡ್ಡ ಟ್ರಾಲರುಗಳ ಲೆಕ್ಕ ಮಾತ್ರ ಚೆನ್ನಾಗಿಯೇ ಇತ್ತು, ಏಕೆಂದರೆ ಯಂತ್ರಗಳಿಂದ ಹುಡುಕಿ, ಮೀನು ಗುಂಪುಗೂಡಿದಲ್ಲಿಗೇ ಹೋಗುವುದು ಅವಕ್ಕೆ ಸಾಧ್ಯವಿತ್ತು. ಸರ್ಕಾರದ ಅಂದಾಜು ಟ್ರಾಲರಿನ ಲೆಕ್ಕಕ್ಕೆ ವಾಲಿತು. 1992ರ ಜುಲೈ 2ರಂದು ಮೀನುಗಾರಿಕೆಯನ್ನೇ ಮುಚ್ಚಬೇಕಾಗಿ ಬಂದು ಸುಮಾರು ಮೂವತ್ತು ಸಾವಿರ ಜನ ಕೆಲಸ ಕಳೆದುಕೊಂಡರು. ಮುಂದಿನ ಅಧ್ಯಾಯ ಇನ್ನೂ ವಿಚಿತ್ರ. 2023ರಲ್ಲಿ 1954ರಿಂದ ಲಭ್ಯವಿದ್ದ ಹಳೆಯ ಅಂಕಿಗಳನ್ನೂ ಸೇರಿಸಿ ಹೊಸ ಲೆಕ್ಕ ಮಾಡಿದಾಗ ಅಪಾಯದ ಗೆರೆಯೇ ಕೆಳಗೆ ಸರಿಯಿತು. ಅದೇ ಮೀನು, ಅದೇ ನೀರು, ‘ಅಪಾಯ’ದಿಂದ ‘ಎಚ್ಚರಿಕೆ’ಗೆ ಬಡ್ತಿ. 2024ರ ಜೂನ್‌ನಲ್ಲಿ 18,000 ಟನ್ ಮಿತಿಯೊಂದಿಗೆ ವಾಣಿಜ್ಯ ಮೀನುಗಾರಿಕೆ ಮತ್ತೆ ತೆರೆಯಿತು. ಹಳೆಯ ಅಂಕಿ ಸೇರಿಸಿದ್ದು ತಪ್ಪಲ್ಲ, ಸೇರಿಸದಿದ್ದರೇ ತಪ್ಪಾಗುತ್ತಿತ್ತು. ಆದರೆ ಮೂವತ್ತು ವರ್ಷ ದಡದಲ್ಲಿ ಕುಳಿತವನಿಗೆ ಇದನ್ನು ವಿವರಿಸಿ ಹೇಳುವವರು ಬೇಕಲ್ಲ.

ನಮ್ಮ ಕಡೆಗೂ ಬರೋಣ. ಮಳೆಗಾಲದಲ್ಲಿ ಟ್ರಾಲಿಂಗ್ ನಿಲ್ಲಿಸಬೇಕೇ ಎಂಬ ಒಂದು ಪ್ರಶ್ನೆಗೆ ಕೇರಳ ಸರ್ಕಾರ 1980ರ ದಶಕದಲ್ಲಿ ಬಾಬು ಪಾಲ್, ಕಲವಾರ್, ಬಾಲಕೃಷ್ಣನ್ ನಾಯರ್ ಎಂದು ಒಂದರ ಹಿಂದೆ ಒಂದರಂತೆ ಮೂರು ಸಮಿತಿ ನೇಮಿಸಿತು. ಕಡಲು ಒಂದೇ, ಸಮಿತಿಗಳ ಅಭಿಪ್ರಾಯ ಒಂದೇ ಆಗಲಿಲ್ಲ. 1988ರಲ್ಲಿ ನಿಷೇಧ ಜಾರಿಗೆ ಬಂತು. ಇಂದು ಪಶ್ಚಿಮ ಕರಾವಳಿಯಲ್ಲಿ ಕೇಂದ್ರದ ಆದೇಶದಂತೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ. ಇದರಿಂದ ಮೀನು ಹೆಚ್ಚಾಯಿತೇ? ಆಮೇಲಿನ ವರ್ಷಗಳಲ್ಲಿ ಹಿಡಿದ ಮೀನು ಹೆಚ್ಚಿತು, ನಿಜ. ಅದೇ ವರ್ಷಗಳಲ್ಲಿ ನಾಡದೋಣಿಗೆ ಎಂಜಿನ್ ಬಂತು, ಬೋಟು ದೊಡ್ಡದಾಯಿತು, ಒಂದು ದಿನಕ್ಕೆ ಮರಳುತ್ತಿದ್ದವರು ವಾರಗಟ್ಟಲೆ ಆಳಸಮುದ್ರದಲ್ಲಿ ಉಳಿಯತೊಡಗಿದರು. ಯಾವುದರ ಫಲ ಯಾವುದು? ನಿಷೇಧವಿಲ್ಲದ ಇನ್ನೊಂದು ಕಡಲನ್ನು ಪಕ್ಕದಲ್ಲಿಟ್ಟು ಹೋಲಿಸಲು ಆಗುವುದಿಲ್ಲ. ಮೊಟ್ಟೆಯಿಡುವ ಕಾಲದಲ್ಲಿ ಬಲೆ ಬಿಡದಿರುವುದು ಒಳ್ಳೆಯದೇ ಎಂದು ನನಗೂ ತೋರುತ್ತದೆ, ಭಾವನವರಿಗೂ ತೋರುತ್ತದೆ. ಆದರೆ ತೋರುವುದು ಪುರಾವೆಯಲ್ಲ. ಎರಡು ತಿಂಗಳು ಕೂಲಿ ಇಲ್ಲದೆ ಕೂರುವ ಕಲಾಸಿಗಳಿಗೆ, 61 ದಿನವೇ ಏಕೆ, 45 ಏಕಲ್ಲ, 75 ಏಕಲ್ಲ ಎಂದು ಕೇಳುವ ಹಕ್ಕಿದೆ. ಅದಕ್ಕೆ ಉತ್ತರವಾಗಿ ಮೇಲೆ ಹೇಳಿದ ರೀತಿಯ ಪರಿಶೀಲನೆಯೊಂದು, ಮಲಯಾಳ, ಕನ್ನಡ, ಮರಾಠಿಗಳಲ್ಲಿ ಬಂದ ವರದಿಗಳನ್ನೂ ದಕ್ಕೆಯ ಹಿರಿಯರ ಮಾತನ್ನೂ ಸೇರಿಸಿಕೊಂಡು, ಆಗಬೇಕಾದ್ದು.

ಕೊನೆಯಲ್ಲಿ ನಾನೇ ಸಿಕ್ಕಿಬಿದ್ದ ಸಂಗತಿ. ಇಷ್ಟೆಲ್ಲ ಓದಿದ ಮೇಲೆ ಮಗಳಿಗೆ ಸಮಾಧಾನ ಹೇಳಲು ಒಂದು ಸಂಖ್ಯೆ ಸಿಕ್ಕಿತು. ನಮ್ಮ ಸಂಶೋಧನಾ ಸಂಸ್ಥೆ 2022ರ ಸ್ಥಿತಿಯನ್ನು ಕುರಿತು ನಮ್ಮ ದೇಶದ 135 ಮೀನು ಸಂಪತ್ತುಗಳನ್ನು ಪರಿಶೀಲಿಸಿ, ಶೇಕಡಾ 91.1 ಆರೋಗ್ಯವಾಗಿವೆ ಎಂದಿದೆ. ನೋಡು, 2048 ಸುಳ್ಳು, ಎಂದು ಊಟದ ಹೊತ್ತಿನಲ್ಲಿ ಗೆಲುವಿನಿಂದ ಹೇಳಿದೆ. ಅವಳು ಫೋನಿನಲ್ಲಿ ಎಫ್.ಎ.ಓ.ದ ವರದಿ ತೆಗೆದು, ಇಡೀ ಪ್ರಪಂಚದ ಲೆಕ್ಕದಲ್ಲಿ 2021ರಲ್ಲಿ ಸುಸ್ಥಿರವಾಗಿದ್ದವು ಶೇಕಡಾ 62.3 ಮಾತ್ರ ಎಂದು ತೋರಿಸಿ, “ಅಪ್ಪಾ, ನಮ್ಮ ದೇಶದ್ದು ಇಷ್ಟು ಚೆನ್ನಾಗಿದೆಯಾ, ಅಥವಾ ಎರಡು ಕಡೆ ‘ಆರೋಗ್ಯ’ ಅಂದರೆ ಬೇರೆಬೇರೆಯಾ?” ಎಂದು ಕೇಳಿದಳು. ಬೇಡವಾದ ಸಂಖ್ಯೆಯನ್ನು ಬಿಚ್ಚಿ ನೋಡಲು ತಿಂಗಳುಗಟ್ಟಲೆ ಹೆಣಗಿದವನು, ಬೇಕಾದ ಸಂಖ್ಯೆಯನ್ನು ಹೊದಿಕೆ ಸಹಿತ ನುಂಗಿದ್ದೆ. ಈಗ ಇಬ್ಬರೂ ರಾತ್ರಿ ಹೊತ್ತು ಆ ವರದಿಯ ವಿಧಾನದ ಪುಟಗಳನ್ನು ಓದುತ್ತಿದ್ದೇವೆ, ಒಂಬತ್ತನೆಯ ಪುಟದಲ್ಲಿದ್ದೇವೆ. ಭಾವನವರು ಬೋಟಿನ ಪಾಲು ಮಾರಲಿಲ್ಲ.